ರಬ್ಬರ್ ರಾಕ್ಷಸನ ಪಕ್ಷಪಾತಿ

ಸಿನಿಮಾ ಹುಚ್ಚಿನವರಲ್ಲಿ ಹಲವು ಬಗೆ. ನಟನೊಬ್ಬನನ್ನು ದೇವರೆಂದು ಪೂಜಿಸುವವರು ಒಂದು ಬಗೆಯಾದರೆ, ಹಾಡು ಬಂದಾಗ ಮಾತ್ರ ಕಣ್ಣು ತೆರೆಯುವವರು ಇನ್ನೊಂದು ಬಗೆ. ಮನೆಯವರ ಕಾಟಕ್ಕೆ ಚಿತ್ರಮಂದಿರಕ್ಕೆ ಬಂದು, ಫ್ಯಾನಿನ ಕೆಳಗಿನ ಕುರ್ಚಿ ಹುಡುಕಿ ನಿದ್ದೆ ಹೋಗುವವರೂ ಉಂಟು. ಇವರಾರ ಸಾಲಿಗೂ ಸೇರದ ಅಲ್ಪಸಂಖ್ಯಾತನೊಬ್ಬನಿದ್ದಾನೆ. ಅವನಿಗೆ ಬೇಕಾದದ್ದು ದೈತ್ಯಪ್ರಾಣಿಗಳ ಚಿತ್ರ. ಮಹಾನಗರವೊಂದರ ನಡುವೆ ಹದಿನೈದು ಅಂತಸ್ತಿನ ಎತ್ತರದ ಪ್ರಾಣಿ ನಡೆದು ಬರಬೇಕು, ರೈಲುಡಬ್ಬಿಗಳು ಬೆಂಕಿಪೊಟ್ಟಣಗಳಂತೆ ಉರುಳಬೇಕು, ಬಿಳಿ ಕೋಟಿನ ವಿಜ್ಞಾನಿಯೊಬ್ಬ ಕನ್ನಡಕ ಸರಿಪಡಿಸಿಕೊಂಡು, ತಾನು ಮೊದಲೇ ಎಚ್ಚರಿಸಿದ್ದೆ ಎನ್ನಬೇಕು. ಇಷ್ಟಿದ್ದರೆ ಅವನಿಗೆ ಊಟವೂ ಬೇಡ.

ಜಿಲ್ಲಾ ಕೇಂದ್ರವೊಂದರ ಕಚೇರಿಯಲ್ಲಿ ಲೆಕ್ಕಪತ್ರ ನೋಡುವ ಈ ಅಭಿಮಾನಿಗೆ ಈಗ ಐವತ್ತು ದಾಟಿದೆ. ಮಗಳು ಪಿಯುಸಿಯಲ್ಲಿ ವಿಜ್ಞಾನ ಓದುತ್ತಿದ್ದಾಳೆ. ಅಕ್ಕಪಕ್ಕದ ಮನೆಯ ಹಿರಿಯರಿಗೆ ಇದೇ ದೊಡ್ಡ ಆಕ್ಷೇಪ. ಮಗಳಿಗೆ ಭೌತಶಾಸ್ತ್ರದಲ್ಲಿ ಅಂಕ ಬರಬೇಕಾದ ವಯಸ್ಸಿನಲ್ಲಿ ಮನೆಯೊಳಗೆ ಕೂರಿಸಿ ಈ ಸುಳ್ಳುಗಳನ್ನು ತೋರಿಸುವುದೆ? ಆಕ್ಷೇಪ ಸುಳ್ಳಲ್ಲ. ಇಂಥ ಚಿತ್ರಗಳಲ್ಲಿ ಒಂದೇ ಒಂದು ಪ್ರಾಣಿಯೂ ನಿಜದಲ್ಲಿ ಎದ್ದು ನಿಲ್ಲಲಾರದು. ಅಭಿಮಾನಿಯೇ ಅದನ್ನು ಎಲ್ಲರಿಗಿಂತ ಮೊದಲು ಒಪ್ಪುತ್ತಾನೆ. ಒಪ್ಪಿ, ಲೆಕ್ಕವನ್ನೂ ಹಾಕಿ ತೋರಿಸುತ್ತಾನೆ.

ಲೆಕ್ಕ ಗೆಲಿಲಿಯೋ ಕಾಲದ್ದು. ಪ್ರಾಣಿಯ ಉದ್ದ, ಅಗಲ, ಎತ್ತರಗಳೆಲ್ಲ ಎರಡು ಪಟ್ಟಾದರೆ ಎಲುಬಿನ ಅಡ್ಡಕೊಯ್ತದ ವಿಸ್ತೀರ್ಣ ನಾಲ್ಕು ಪಟ್ಟಾಗುತ್ತದೆ, ತೂಕ ಮಾತ್ರ ಎಂಟು ಪಟ್ಟು. 1638ರಲ್ಲಿ ಪ್ರಕಟವಾದ ತನ್ನ ಕೊನೆಯ ಗ್ರಂಥದಲ್ಲಿ ಗೆಲಿಲಿಯೋ, ದೈತ್ಯಪ್ರಾಣಿಯ ಎಲುಬು ಎಷ್ಟು ವಿಕಾರವಾಗಿ ದಪ್ಪಗಿರಬೇಕಾಗುತ್ತದೆ ಎಂಬುದರ ಚಿತ್ರವನ್ನೇ ಬರೆದು ತೋರಿಸಿದ್ದ. ಎರಡು ಮೀಟರ್ ಎತ್ತರದ, 80 ಕಿಲೋ ತೂಕದ ಮನುಷ್ಯನನ್ನು 50 ಮೀಟರಿಗೆ ಹಿಗ್ಗಿಸಿದರೆ ಅವನ ಎಲುಬಿನ ಬಲ 625 ಪಟ್ಟಾಗುತ್ತದೆ, ತೂಕ 15,625 ಪಟ್ಟು, ಅಂದರೆ 1,250 ಟನ್. ಪ್ರತಿ ಚದರ ಸೆಂಟಿಮೀಟರ್ ಎಲುಬಿನ ಮೇಲೆ ಮೊದಲಿಗಿಂತ 25 ಪಟ್ಟು ಭಾರ. ಮೊದಲ ಹೆಜ್ಜೆಗೇ ತೊಡೆ ಮುರಿದು ಬೀಳುತ್ತಾನೆ. ಇದೇ ವಿಷಯವನ್ನು ಜೆ.ಬಿ.ಎಸ್. ಹಾಲ್ಡೇನ್ 1926ರ ಪ್ರಬಂಧವೊಂದರಲ್ಲಿ ಬಲು ಸೊಗಸಾಗಿ ವಿವರಿಸಿದ್ದಾರೆ. ಮುಂದೆ ಭಾರತಕ್ಕೇ ಬಂದು ನೆಲೆಸಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ಹಾಲ್ಡೇನ್ ಇವರೇ. ದೈತ್ಯ ಇರುವೆಗಳ 'ದೆಮ್!' ಎಂಬ 1954ರ ಅಮೆರಿಕನ್ ಚಿತ್ರದ್ದೂ ಇದೇ ಗತಿ. ಇರುವೆಗೆ ಶ್ವಾಸಕೋಶವಿಲ್ಲ, ಮೈಮೇಲಿನ ರಂಧ್ರಗಳಿಂದ ಒಳಗೆ ಹೋಗುವ ಸಣ್ಣ ನಳಿಗೆಗಳ ಮೂಲಕ ಗಾಳಿ ಸಾಗಬೇಕು. ಲಾರಿಯಷ್ಟು ದೊಡ್ಡ ಇರುವೆ ಉಸಿರುಗಟ್ಟಿಯೇ ಸಾಯುತ್ತದೆ, ಸೈನ್ಯ ಬೇಕಾಗಿಲ್ಲ.

ಹಾಗಾದರೆ ಇವನ್ನೇಕೆ ನೋಡಬೇಕು? ಅಭಿಮಾನಿಯ ಬಳಿ ಒಂದು ನಿಯಮವಿದೆ. ಕಥೆ ಹೇಳುವವನಿಗೆ ಒಂದು ಸುಳ್ಳಿನ ಹಕ್ಕುಂಟು, ಒಂದೇ ಒಂದು. 'ಇಂಥದೊಂದು ಪ್ರಾಣಿ ಇದೆ' ಎಂಬ ಸುಳ್ಳನ್ನು ಪ್ರೇಕ್ಷಕ ಟಿಕೆಟಿನ ಜೊತೆಗೇ ಕೊಂಡುಕೊಂಡಿರುತ್ತಾನೆ. ಆಮೇಲೆ ಬರುವುದೆಲ್ಲ ನಿಜವಿರಬೇಕು: ಮನುಷ್ಯರ ಹೆದರಿಕೆ, ಸರ್ಕಾರದ ನಡವಳಿಕೆ, ಸಾಯುವವರ ನೋವು, ಎಲ್ಲಾ. ಎರಡನೆಯ ಸುಳ್ಳು ಬಂದ ಕೂಡಲೇ ಇವನು ಕುರ್ಚಿಯಲ್ಲಿ ಅಲ್ಲಾಡತೊಡಗುತ್ತಾನೆ.

ಇವನ ಪ್ರಕಾರ ಈ ಕುಲದ ಮೂಲಪುರುಷ 1933ರ 'ಕಿಂಗ್ ಕಾಂಗ್'. ವಿಲಿಸ್ ಓಬ್ರಿಯನ್ ಎಂಬ ತಂತ್ರಜ್ಞ ಸುಮಾರು ಒಂದೂವರೆ ಅಡಿ ಎತ್ತರದ ಗೊಂಬೆಗೆ ಮೊಲದ ತುಪ್ಪಳ ಹೊದಿಸಿ, ಕೂದಲೆಳೆಯಷ್ಟು ಕದಲಿಸಿ ಒಂದು ಚಿತ್ರ, ಮತ್ತೆ ಕದಲಿಸಿ ಇನ್ನೊಂದು ಚಿತ್ರ ಎಂದು ತೆಗೆಯುತ್ತ ಹೋದ. ತೆರೆಯ ಮೇಲಿನ ಒಂದು ಸೆಕೆಂಡಿಗೆ ಇಂಥ 24 ಚಿತ್ರ ಬೇಕು. ಗೊಂಬೆಯನ್ನು ಮುಟ್ಟಿದಾಗಲೆಲ್ಲ ಬೆರಳಿನ ಗುರುತು ತುಪ್ಪಳದಲ್ಲಿ ಉಳಿದು, ಚಿತ್ರ ಓಡಿದಾಗ ಕಾಂಗನ ಮೈಕೂದಲು ಗಾಳಿಯಿಲ್ಲದೆಯೂ ನಿಮಿರಾಡುತ್ತದೆ. ಕೆಲಸಗಾರಿಕೆಯ ಲೋಪ ಹೌದು. ಆದರೆ ಕೋತಿಗೆ ಸಿಟ್ಟು ಬಂದಂತೆ ಕಾಣುತ್ತದೆ. ಅಂದಿಗೆ ಕಟ್ಟಿ ಎರಡೇ ವರ್ಷವಾಗಿದ್ದ ಎಂಪೈರ್ ಸ್ಟೇಟ್ ಕಟ್ಟಡದ ತುದಿಯಲ್ಲಿ, ವಿಮಾನಗಳ ಗುಂಡಿನೇಟು ತಿಂದು ತನ್ನ ಎದೆಯ ರಕ್ತವನ್ನು ತಾನೇ ಮುಟ್ಟಿ ನೋಡಿಕೊಳ್ಳುವ ಆ ಗೊಂಬೆಯ ಮುಖ ಒಮ್ಮೆ ಕಂಡವರು ಮರೆಯರು. ಹಾಗೆಂದು ಹಳೆಯದೆಲ್ಲ ಹೊನ್ನೆನ್ನುವವನಲ್ಲ ಇವನು. ದ್ವೀಪದ ಜನರನ್ನು ಆ ಚಿತ್ರ ತೋರಿಸಿರುವ ರೀತಿ ನಾಚಿಕೆಗೇಡಿನದು, ಮಕ್ಕಳ ಜೊತೆ ನೋಡುವವರು ಅದನ್ನು ಬಾಯಿಬಿಟ್ಟು ಹೇಳಬೇಕು ಎನ್ನುತ್ತಾನೆ. 2005ರಲ್ಲಿ ಪೀಟರ್ ಜಾಕ್ಸನ್ ಇದೇ ಕಥೆಯನ್ನು ಮತ್ತೆ ತೆಗೆದಾಗ ಚಿತ್ರ ಮೂರು ಗಂಟೆ ದಾಟಿತು. ಹಡಗು ದ್ವೀಪ ಮುಟ್ಟುವಷ್ಟರಲ್ಲಿ ಕಡಲೆಕಾಯಿ ಪೊಟ್ಟಣ ಖಾಲಿಯಾಗಿತ್ತೆಂಬುದು ಅಭಿಮಾನಿಯ ವಿಮರ್ಶೆ.

ಆದರೆ ಇವನ ಆರಾಧ್ಯದೈವ ಜಪಾನಿನದು. 1954ರ 'ಗೊಜಿರಾ', ಹೊರಜಗತ್ತಿಗೆ ಗಾಡ್ಜಿಲ್ಲಾ. ಗೊರಿಲ್ಲಾ ಮತ್ತು ತಿಮಿಂಗಿಲವನ್ನು ಸೂಚಿಸುವ ಜಪಾನಿ ಪದ 'ಕುಜಿರಾ' ಎರಡನ್ನೂ ಬೆಸೆದು ಮಾಡಿದ ಹೆಸರು. ಇವನು ಮೊದಲು ಕಂಡದ್ದು ಕಾಲೇಜು ದಿನಗಳಲ್ಲಿ, ಬಾಡಿಗೆ ಕ್ಯಾಸೆಟ್ಟಿನಲ್ಲಿ. ಅದು 1956ರ ಅಮೆರಿಕನ್ ಆವೃತ್ತಿ. ರೇಮಂಡ್ ಬರ್ ಎಂಬ ನಟನನ್ನು ಪತ್ರಕರ್ತನಾಗಿ ನಡುವೆ ತೂರಿಸಿ, ಅಣುಬಾಂಬಿನ ಮಾತುಗಳನ್ನು ಬಹುಮಟ್ಟಿಗೆ ಕತ್ತರಿಸಿ ಸಿದ್ಧಪಡಿಸಿದ್ದು. ಅದನ್ನು ನೋಡಿ ಎಲ್ಲರಂತೆ ಇವನೂ ನಕ್ಕಿದ್ದ. ರಬ್ಬರ್ ವೇಷ ತೊಟ್ಟವನೊಬ್ಬ ಆಟಿಕೆ ಮನೆಗಳನ್ನು ತುಳಿಯುತ್ತಿದ್ದಾನೆ, ಇದರಲ್ಲೇನಿದೆ? ಜಪಾನಿ ಮೂಲಚಿತ್ರ ಅಮೆರಿಕದ ಚಿತ್ರಮಂದಿರಗಳಿಗೇ ವ್ಯಾಪಕವಾಗಿ ಬಂದದ್ದು 2004ರಲ್ಲಿ. ಅದರ ಡಿವಿಡಿ ಇವನ ಕೈಸೇರಿದ ಮೇಲೆ ನಗು ನಿಂತಿತು.

ಆ ಚಿತ್ರದ ಹಿಂದಿನ ಸಂಗತಿ ಹೀಗಿದೆ. 1954ರ ಮಾರ್ಚ್ 1ರಂದು ಶಾಂತಸಾಗರದ ಬಿಕಿನಿ ಹವಳದ್ವೀಪದಲ್ಲಿ ಅಮೆರಿಕ 'ಬ್ರಾವೊ' ಎಂಬ ಜಲಜನಕ ಬಾಂಬನ್ನು ಪರೀಕ್ಷಿಸಿತು. ಸುಮಾರು 6 ಮೆಗಾಟನ್ ಶಕ್ತಿ ಹೊಮ್ಮೀತೆಂದು ವಿಜ್ಞಾನಿಗಳ ಅಂದಾಜು. ಹೊಮ್ಮಿದ್ದು 15 ಮೆಗಾಟನ್, ಹಿರೊಶಿಮಾದ ಬಾಂಬಿನ ಸುಮಾರು ಸಾವಿರ ಪಟ್ಟು. ತಪ್ಪಿದ್ದೆಲ್ಲಿ? ಇಂಧನದಲ್ಲಿದ್ದ ಲಿಥಿಯಂಗೆ ಎರಡು ಸಮಸ್ಥಾನಿಗಳು, ಅಂದರೆ ಐಸೋಟೋಪುಗಳು. ಲಿಥಿಯಂ-6 ಮಾತ್ರ ಕ್ರಿಯೆಯಲ್ಲಿ ಪಾಲುಗೊಳ್ಳುತ್ತದೆ, ಹೆಚ್ಚಿನ ಪ್ರಮಾಣದಲ್ಲಿದ್ದ ಲಿಥಿಯಂ-7 ಸುಮ್ಮನೆ ಕುಳಿತಿರುತ್ತದೆ ಎಂದು ಲೆಕ್ಕ ಹಾಕಿದ್ದರು. ಅತಿವೇಗದ ನ್ಯೂಟ್ರಾನುಗಳು ಬಡಿದಾಗ ಅದೂ ಒಡೆದು ಟ್ರಿಟಿಯಂ ಕೊಟ್ಟಿತು, ಬೆಂಕಿಗೆ ತುಪ್ಪ ಸುರಿದಂತಾಯಿತು. ಜಗತ್ತಿನ ಅತಿ ಬುದ್ಧಿವಂತರು ಕೂಡಿ ಮಾಡಿದ ಲೆಕ್ಕದ ತಪ್ಪು ಅದು.

ಆ ಹೊತ್ತಿಗೆ ಅಪಾಯದ ವಲಯವೆಂದು ಸಾರಿದ್ದ ಪ್ರದೇಶದ ಹೊರಗೇ 23 ಜನರಿದ್ದ ಜಪಾನಿ ಮೀನುದೋಣಿಯೊಂದು ಟ್ಯೂನಾ ಹಿಡಿಯುತ್ತಿತ್ತು. ಹೆಸರು 'ದೈಗೊ ಫುಕುರ್ಯು ಮಾರು', ಅಂದರೆ 'ಐದನೆಯ ಅದೃಷ್ಟದ ಡ್ರ್ಯಾಗನ್'. ಪಶ್ಚಿಮದಲ್ಲಿ ಸೂರ್ಯ ಮೂಡಿದಂತೆ ಬೆಳಕು ಕಂಡಿತು. ಕೆಲವು ಗಂಟೆಗಳಲ್ಲಿ ಸುಟ್ಟ ಹವಳದ ಬಿಳಿ ಬೂದಿ ಮಂಜಿನಂತೆ ಸುರಿಯಿತು. ಬೆಸ್ತರು ಅದನ್ನು ಬರಿಗೈಯಲ್ಲಿ ಗುಡಿಸಿದರು. ಊರು ಸೇರುವಷ್ಟರಲ್ಲಿ ಎಲ್ಲರೂ ವಿಕಿರಣದ ಕಾಯಿಲೆಗೆ ತುತ್ತಾಗಿದ್ದರು. ದೋಣಿಯ ರೇಡಿಯೋ ನಿರ್ವಾಹಕ ಕುಬೊಯಾಮಾ ಸೆಪ್ಟೆಂಬರ್ 23ರಂದು ತೀರಿಕೊಂಡರು. ನವೆಂಬರ್ 3ರಂದು, ಇನ್ನೂ ಆರು ವಾರ ತುಂಬುವ ಮೊದಲೇ, 'ಗೊಜಿರಾ' ತೆರೆಕಂಡಿತು. ಚಿತ್ರದ ಮೊದಲ ದೃಶ್ಯವೇನು? ನಡುಗಡಲಿನಲ್ಲಿ ಹಡಗೊಂದರ ನಾವಿಕರು ಹಾಡುಪಾಡಿನಲ್ಲಿ ಕಾಲ ಕಳೆಯುತ್ತಿರುವಾಗ ಕಣ್ಣು ಕೋರೈಸುವ ಬೆಳಕು. ಜಪಾನಿ ಪ್ರೇಕ್ಷಕನಿಗೆ ವಿವರಣೆ ಬೇಕಿರಲಿಲ್ಲ.

ನಿರ್ದೇಶಕ ಇಶಿರೊ ಹೊಂಡಾ ಯುದ್ಧಕ್ಕೆ ಹೋಗಿದ್ದವರು. ಮರಳುವಾಗ ಹಿರೊಶಿಮಾವನ್ನು ಕಣ್ಣಾರೆ ಕಂಡಿದ್ದರು. ಹಾಗಾಗಿಯೇ ಅವರ ಚಿತ್ರದಲ್ಲಿ ರಾಕ್ಷಸ ಬಂದುಹೋದ ಮೇಲೆ ಕಥೆ ಮುಂದಕ್ಕೆ ಜಿಗಿಯುವುದಿಲ್ಲ, ಆಸ್ಪತ್ರೆಯೊಳಗೆ ಹೋಗುತ್ತದೆ. ನೆಲದ ಮೇಲೆ ಸಾಲಾಗಿ ಮಲಗಿಸಿದ ಗಾಯಾಳುಗಳು. ಪುಟ್ಟ ಹುಡುಗಿಯೊಬ್ಬಳ ಬಳಿ ಗೈಗರ್ ಮಾಪಕ ಹಿಡಿದಾಗ ಅದು ಟಕಟಕನೆ ಸದ್ದು ಮಾಡುತ್ತದೆ. ಹಿಡಿದವನು ಏನೂ ಹೇಳದೆ ತಲೆಯಾಡಿಸುತ್ತಾನೆ. ಮಗಳಿಗೆ ಈ ಚಿತ್ರವನ್ನು ಮೊದಲ ಬಾರಿ ತೋರಿಸಿದಾಗ ತಂದೆ ನೋಡುತ್ತಿದ್ದದ್ದು ಪರದೆಯನ್ನಲ್ಲ, ಮಗಳನ್ನು. ಗುಡ್ಡದ ಹಿಂದಿನಿಂದ ರಬ್ಬರ್ ತಲೆ ಇಣುಕಿದಾಗ ಅವಳು ಬಿದ್ದು ಬಿದ್ದು ನಕ್ಕಳು. ಗೈಗರ್ ಮಾಪಕದ ಸದ್ದಿಗೆ ಸುಮ್ಮನಾದಳು. ಆಮೇಲೆ ನಗಲಿಲ್ಲ.

ಆ ರಬ್ಬರ್ ವೇಷದ ಬಗೆಗೂ ಎರಡು ಮಾತು ಹೇಳಬೇಕು. ಸುಮಾರು ನೂರು ಕಿಲೋ ತೂಗುತ್ತಿದ್ದ ಅದರೊಳಗೆ ಹರುವೊ ನಕಾಜಿಮಾ ಎಂಬ ನಟ, ಸ್ಟುಡಿಯೋ ದೀಪಗಳ ಕಾವಿನಲ್ಲಿ, ಒಮ್ಮೆಗೆ ಕೆಲವೇ ನಿಮಿಷ ನಿಲ್ಲಬಲ್ಲವನಾಗಿದ್ದ. ನಡಿಗೆ ಕಲಿಯಲು ಮೃಗಾಲಯಕ್ಕೆ ಹೋಗಿ ಪ್ರಾಣಿಗಳನ್ನು ನೋಡುತ್ತ ನಿಂತಿದ್ದನಂತೆ. ಆ ಪ್ರಸಿದ್ಧ ಗರ್ಜನೆ ಯಾವ ಪ್ರಾಣಿಯದೂ ಅಲ್ಲ. ಸಂಗೀತ ನಿರ್ದೇಶಕ ಅಕಿರಾ ಇಫುಕುಬೆ, ರಾಳ ಹಚ್ಚಿದ ಚರ್ಮದ ಕೈಗವಸಿನಿಂದ ಡಬಲ್ ಬಾಸ್ ವಾದ್ಯದ ತಂತಿಯನ್ನು ಉಜ್ಜಿಸಿ ಪಡೆದದ್ದು. ಇನ್ನು ಎರಡು ಮೀಟರ್ ವೇಷ 50 ಮೀಟರ್ ಪ್ರಾಣಿಯಾದದ್ದು ಹೇಗೆ? ಇಲ್ಲಿ ವಿದ್ಯಾರ್ಥಿಗಳು ಕಾಗದ, ಪೆನ್ಸಿಲ್ ಹಿಡಿಯಬಹುದು. 50 ಮೀಟರ್ ಎತ್ತರದಿಂದ ಬಿದ್ದ ಕಲ್ಲು ನೆಲ ಮುಟ್ಟಲು ಸುಮಾರು 3.2 ಸೆಕೆಂಡ್ ಬೇಕು, 2 ಮೀಟರಿನಿಂದ 0.64 ಸೆಕೆಂಡ್. ಅಂದರೆ ಎತ್ತರ 25 ಪಟ್ಟಾದರೆ ಕಾಲ 25ರ ವರ್ಗಮೂಲದಷ್ಟು, ಐದು ಪಟ್ಟು. ಮಾದರಿ ಕಟ್ಟಡ ಕುಸಿಯುವುದನ್ನು ಕ್ಯಾಮರಾದಲ್ಲಿ ವೇಗವಾಗಿ ಚಿತ್ರಿಸಿಕೊಂಡು ಸಾಮಾನ್ಯ ವೇಗದಲ್ಲಿ ಓಡಿಸಿದರೆ, ಅದು ನಿಧಾನವಾಗಿ, ನಿಜವಾದ ಕಟ್ಟಡದ ಗಾಂಭೀರ್ಯದಿಂದ ಕುಸಿಯುತ್ತದೆ. ವಿಶೇಷ ದೃಶ್ಯಗಳ ಹೊಣೆ ಹೊತ್ತಿದ್ದ ಐಜಿ ತ್ಸುಬುರಾಯಾ ಈ ಉಪಾಯವನ್ನು ಚೆನ್ನಾಗಿ ಬಲ್ಲವರಾಗಿದ್ದರು. ಇಂದಿನ ಅನೇಕ ಚಿತ್ರಗಳಲ್ಲಿ ನೂರು ಮೀಟರ್ ಎತ್ತರದ ಪ್ರಾಣಿಗಳು ಬೀದಿನಾಯಿಗಳಂತೆ ಚುರುಕಾಗಿ ಕಚ್ಚಾಡುವುದನ್ನು ಕಂಡಾಗ ಇವನಿಗೆ ತ್ಸುಬುರಾಯಾ ನೆನಪಾಗುತ್ತಾರೆ. ಕಂಪ್ಯೂಟರಿಗೆ ಭಾರವೆಂದರೇನೆಂದು ಯಾರಾದರೂ ಹೇಳಿಕೊಡಬೇಕಷ್ಟೆ.

ಕಂಪ್ಯೂಟರಿನ ಮೇಲೆ ಇವನಿಗೆ ದ್ವೇಷವಿದೆಯೆಂದಲ್ಲ. 1994ರಲ್ಲಿ 'ಜುರಾಸಿಕ್ ಪಾರ್ಕ್' ಭಾರತಕ್ಕೆ ಬಂದು ಹಿಂದಿಯಲ್ಲೂ ಮಾತಾಡಿದಾಗ ಇವನು ನಾಲ್ಕು ಬಾರಿ ನೋಡಿದ. ಸ್ಪಿಲ್‌ಬರ್ಗ್ ಬಲು ಜಿಪುಣ ಎಂಬುದೇ ಇವನ ಮೆಚ್ಚುಗೆ. ಎರಡು ಗಂಟೆಗೂ ಮೀರಿದ ಆ ಚಿತ್ರದಲ್ಲಿ ಡೈನೋಸಾರುಗಳು ತೆರೆಯ ಮೇಲಿರುವುದು ಸುಮಾರು ಕಾಲು ಗಂಟೆ. ಅದರಲ್ಲಿ ಕಂಪ್ಯೂಟರಿನಲ್ಲಿ ಹುಟ್ಟಿದ್ದು ಆರು ನಿಮಿಷದ ಆಸುಪಾಸು, ಉಳಿದವು ಯಂತ್ರದ ಗೊಂಬೆಗಳು. ಪ್ರಾಣಿ ಬರುವ ಮೊದಲು ಲೋಟದ ನೀರಿನಲ್ಲಿ ಉಂಗುರಗಳೇಳುತ್ತವಲ್ಲ, ಅದಕ್ಕಾಗಿ ಕಾರಿನ ಕೆಳಗೆ ಗಿಟಾರಿನ ತಂತಿ ಕಟ್ಟಿ ಮೀಟಿದ್ದರು. ವಿಜ್ಞಾನ ಮಾತ್ರ ಅಷ್ಟಕ್ಕಷ್ಟೆ. ನ್ಯೂಜಿಲೆಂಡಿನ ಮೋವಾ ಹಕ್ಕಿಯ ಎಲುಬುಗಳನ್ನು ಪರೀಕ್ಷಿಸಿ 2012ರಲ್ಲಿ ಕಂಡುಕೊಂಡಂತೆ ಡಿಎನ್ಎಯ ಅರ್ಧಾಯುಷ್ಯ 521 ವರ್ಷ. ಡೈನೋಸಾರುಗಳು ಅಳಿದು 6 ಕೋಟಿ 60 ಲಕ್ಷ ವರ್ಷವಾಗಿದೆ. ಸೊಳ್ಳೆಯ ಹೊಟ್ಟೆಯಲ್ಲಿ ಏನೂ ಉಳಿದಿರದು. ಚಿತ್ರದ ಚುರುಕು ವೆಲಾಸಿರ್ಯಾಪ್ಟರ್ ನಿಜದಲ್ಲಿ ಟರ್ಕಿ ಕೋಳಿಯ ಗಾತ್ರದ್ದು, ಮೈತುಂಬ ಗರಿ. ಇರಲಿ, ಒಂದು ಸುಳ್ಳು ಮಾಫಿ. ಮುಂದಿನ ಭಾಗಗಳಲ್ಲಿ ಅದೇ ತೋಟಕ್ಕೆ ಜನ ಮತ್ತೆ ಮತ್ತೆ ಹೋಗುತ್ತಾರಲ್ಲ, ಅದು ಎರಡನೆಯ ಸುಳ್ಳು.

1998ರ ಅಮೆರಿಕನ್ 'ಗಾಡ್ಜಿಲ್ಲಾ' ಬಗ್ಗೆ ಇವನು ಮಾತಾಡುವುದಿಲ್ಲ. ಜಪಾನಿಗಳೇ 2004ರ ತಮ್ಮ ಚಿತ್ರವೊಂದರಲ್ಲಿ ಆ ಅಮೆರಿಕನ್ ಹಲ್ಲಿಯನ್ನು ಕರೆತಂದು, ಕ್ಷಣಾರ್ಧದಲ್ಲಿ ತಮ್ಮ ಗಾಡ್ಜಿಲ್ಲಾನಿಂದ ಸದೆಬಡಿಸಿ ಸೇಡು ತೀರಿಸಿಕೊಂಡಿದ್ದಾರೆ.

2016ರ 'ಶಿನ್ ಗೊಜಿರಾ' ಬೇರೆಯೇ ಬಗೆ. 2011ರ ಭೂಕಂಪ, ಸುನಾಮಿ ಮತ್ತು ಫುಕುಶಿಮಾ ದುರಂತದ ನೆನಪಿನಲ್ಲಿ ಹುಟ್ಟಿದ ಈ ಚಿತ್ರದ ಹೆಚ್ಚಿನ ಭಾಗ ಸಭೆಗಳಲ್ಲೇ ಕಳೆಯುತ್ತದೆ. ಪ್ರಾಣಿ ನದಿ ಹತ್ತಿ ಊರೊಳಗೆ ಬರುತ್ತಿದ್ದರೆ, ಮಂತ್ರಿಗಳು ಒಂದು ಕೊಠಡಿಯಿಂದ ಇನ್ನೊಂದಕ್ಕೆ ಎದ್ದುಹೋಗಿ ಅದೇ ಸಭೆಯನ್ನು ಬೇರೆ ಹೆಸರಿನಲ್ಲಿ ಮುಂದುವರಿಸುತ್ತಾರೆ. ಸರ್ಕಾರಿ ಕಡತ ಕಂಡ ಯಾರಿಗೂ ಇದು ಉತ್ಪ್ರೇಕ್ಷೆ ಎನಿಸದು. ಕೊನೆಗೆ ಕಾಂಕ್ರೀಟ್ ಪಂಪಿನ ಲಾರಿಗಳನ್ನು ಸಾಲಾಗಿ ನಿಲ್ಲಿಸಿ ಅದರ ಬಾಯಿಗೆ ಔಷಧ ಹೊಯ್ಯುತ್ತಾರೆ. ಫುಕುಶಿಮಾದ ರಿಯಾಕ್ಟರುಗಳಿಗೆ ನೀರು ಹಾಯಿಸಲು ಬಳಸಿದ್ದೂ ಅಂಥ ಲಾರಿಗಳನ್ನೇ.

ಮಗಳ ಪ್ರವೇಶ ಇಲ್ಲಿಂದ. ಅವಳ ಮೆಚ್ಚಿನದು 2023ರ 'ಗಾಡ್ಜಿಲ್ಲಾ ಮೈನಸ್ ಒನ್'. ಹಾಲಿವುಡ್ಡಿನ ದೊಡ್ಡ ಚಿತ್ರಗಳೆದುರು ಚಿಲ್ಲರೆ ಎನ್ನಬಹುದಾದ ಹಣದಲ್ಲಿ, ಸುಮಾರು 35 ಜನ ಕಲಾವಿದರ ತಂಡದೊಂದಿಗೆ ತಕಾಶಿ ಯಮಜಾಕಿ ತೆಗೆದ ಈ ಚಿತ್ರಕ್ಕೆ 2024ರಲ್ಲಿ ದೃಶ್ಯ ಪರಿಣಾಮಗಳ ಆಸ್ಕರ್ ಬಂತು. ಯುದ್ಧ ಮುಗಿದು ಬರಿಗೈಯಾದ ಜಪಾನು, ಸರ್ಕಾರವಿದ್ದೂ ಇಲ್ಲ, ಜನಸಾಮಾನ್ಯರೇ ಸೇರಿ ಪ್ರಾಣಿಯನ್ನು ಎದುರಿಸಬೇಕು. ಅವರ ಉಪಾಯ: ಅದರ ಸುತ್ತ ಫ್ರಿಯಾನ್ ಅನಿಲದ ಗುಳ್ಳೆಗಳನ್ನು ಎಬ್ಬಿಸಿ, ತೇಲಲು ಆಧಾರವಿಲ್ಲದಂತೆ ಮಾಡಿ, 1,500 ಮೀಟರ್ ಆಳಕ್ಕೆ ಮುಳುಗಿಸುವುದು. ಆರ್ಕಿಮಿಡೀಸನ ತತ್ತ್ವ. ಗುಳ್ಳೆ ತುಂಬಿದ ನೀರಿನ ಸಾಂದ್ರತೆ ಕಡಿಮೆ, ಆದ್ದರಿಂದ ಮೇಲ್ಮುಖ ಒತ್ತಡವೂ ಕಡಿಮೆ. ತಂದೆ ತಲೆದೂಗಿದ. ಮಗಳು ಬಿಡಲಿಲ್ಲ. ಸೋಡಾದಲ್ಲಿ ಹಾಕಿದ ಒಣದ್ರಾಕ್ಷಿ ಗುಳ್ಳೆಗಳಿಂದಲೇ ಮೇಲೇಳುತ್ತದಲ್ಲ, ಮುಳುಗುವುದಿಲ್ಲವಲ್ಲ, ಎಂದಳು. ದ್ರಾಕ್ಷಿಯ ಮೈಗೆ ಗುಳ್ಳೆ ಅಂಟಿಕೊಂಡು ದ್ರಾಕ್ಷಿಯೇ ಹಗುರಾಗುತ್ತದೆ, ಇಲ್ಲಿ ಗುಳ್ಳೆ ನೀರಿನಲ್ಲಿದೆ ಎಂದು ತಂದೆ. ಗಾಡ್ಜಿಲ್ಲಾನ ಮೈ ಒಣದ್ರಾಕ್ಷಿಗಿಂತ ನಯವೆ ಎಂದು ಮಗಳು. ಅಂದು ಸಂಜೆ ಸೋಡಾ ತರಿಸಲಾಯಿತು.

ನಿಜವಾದ ಜಗಳ ಇದರ ಮೇಲಲ್ಲ. ಈ ಚಿತ್ರಗಳನ್ನು ನೋಡದವರು, ನೋಡುವ ಮನಸ್ಸಿದ್ದವರು ಮುಂದಿನ ಕೆಲವು ಸಾಲುಗಳನ್ನು ಬಿಟ್ಟುಬಿಡಬಹುದು. 1954ರ ಚಿತ್ರದಲ್ಲಿ ಡಾಕ್ಟರ್ ಸೆರಿಜಾವಾ ಎಂಬ ವಿಜ್ಞಾನಿ ನೀರಿನ ಆಮ್ಲಜನಕವನ್ನೇ ನಾಶಮಾಡುವ ವಸ್ತುವೊಂದನ್ನು ಕಂಡುಹಿಡಿದಿರುತ್ತಾನೆ. ಗಾಡ್ಜಿಲ್ಲಾನನ್ನು ಕೊಲ್ಲಲು ಅದೊಂದೇ ದಾರಿ. ಆದರೆ ಒಮ್ಮೆ ಹೊರಬಿದ್ದರೆ ಅದು ಮುಂದಿನ ಬಾಂಬಾಗುತ್ತದೆಂಬ ಹೆದರಿಕೆ. ಟಿಪ್ಪಣಿಗಳನ್ನೆಲ್ಲ ಸುಟ್ಟು, ಸಮುದ್ರದ ತಳಕ್ಕಿಳಿದು ಅದನ್ನು ಬಳಸಿ, ತನ್ನ ತಲೆಯಲ್ಲಿ ಉಳಿದದ್ದೂ ಯಾರಿಗೂ ಸಿಗದಿರಲೆಂದು ತನ್ನ ಗಾಳಿಯ ಕೊಳವೆಯನ್ನು ತಾನೇ ಕತ್ತರಿಸಿಕೊಳ್ಳುತ್ತಾನೆ. 2023ರ ಚಿತ್ರದ ನಾಯಕ ಆತ್ಮಾಹುತಿ ದಳದಿಂದ ಸಾಯದೆ ಮರಳಿದ ವಿಮಾನ ಚಾಲಕ. ಬದುಕಿದ್ದೇ ಅಪರಾಧವೆಂಬಂತೆ ನೆರೆಯವರು ಅವನನ್ನು ನೋಡುತ್ತಾರೆ. ಅವನೂ ಸ್ಫೋಟಕ ತುಂಬಿದ ವಿಮಾನವನ್ನು ಪ್ರಾಣಿಯ ಬಾಯಿಗೇ ನುಗ್ಗಿಸುತ್ತಾನೆ. ಆದರೆ ಆ ವಿಮಾನಕ್ಕೆ, ಚಾಲಕನನ್ನು ಹೊರಗೆ ಚಿಮ್ಮಿಸುವ ಕುರ್ಚಿಯೊಂದನ್ನು ಮೊದಲೇ ಜೋಡಿಸಿರುತ್ತಾರೆ.

ಸೆರಿಜಾವಾನಷ್ಟು ದೊಡ್ಡ ಪಾತ್ರ ಈ ಕುಲದ ಚಿತ್ರಗಳಲ್ಲೇ ಇಲ್ಲ ಎಂಬುದು ತಂದೆಯ ಮೂವತ್ತು ವರ್ಷಗಳ ನಂಬಿಕೆ. ಮಗಳಿಗೆ ಅವನ ಮೇಲೆ ಸಿಟ್ಟು. ಕಾಗದ ಸುಟ್ಟರೆ ಪ್ರಕೃತಿಯ ನಿಯಮ ಸುಟ್ಟುಹೋಗುತ್ತದೆಯೆ? 1938ರ ಡಿಸೆಂಬರಿನಲ್ಲಿ ಬರ್ಲಿನ್ನಿನಲ್ಲಿ ಹಾನ್ ಮತ್ತು ಸ್ಟ್ರಾಸ್‌ಮನ್ ಯುರೇನಿಯಂ ಒಡೆಯುವುದನ್ನು ಕಂಡರು. ಸುದ್ದಿ ಹಬ್ಬಿದ ಕೆಲವೇ ವಾರಗಳಲ್ಲಿ ಬೇರೆ ಬೇರೆ ದೇಶಗಳ ಪ್ರಯೋಗಾಲಯಗಳಲ್ಲಿ ಅದನ್ನು ಮಾಡಿ ನೋಡಿದ್ದರು. ಸೆರಿಜಾವಾ ಕಂಡದ್ದನ್ನು ನಾಳೆ ಇನ್ನೊಬ್ಬ ಕಾಣುತ್ತಾನೆ. ಆಗ ಅದರ ಅಪಾಯವನ್ನು ಬಲ್ಲ ಒಬ್ಬನೇ ಒಬ್ಬ ಮನುಷ್ಯ ಬದುಕಿರಬೇಡವೆ, ಎದ್ದು ನಿಂತು ಬೇಡವೆನ್ನಲು? ಅವಳ ಪ್ರಶ್ನೆ ಅದು. ಅವನು ಒಬ್ಬನೇ ಕುಳಿತು ನಿರ್ಧರಿಸಿದ, ಯಾರನ್ನೂ ಕೇಳಲಿಲ್ಲ ಎಂಬುದು ಅವಳ ಇನ್ನೊಂದು ದೂರು. ಹೊಸ ಚಿತ್ರದ ವಿಜ್ಞಾನಿ ತುಂಬಿದ ಸಭೆಯ ಮುಂದೆ ಯೋಜನೆ ಬಿಡಿಸಿಡುತ್ತಾನೆ, ಮನೆಗೆ ಹೋಗುವವರು ಹೋಗಬಹುದೆಂಬ ಮಾತೂ ಅಲ್ಲಿ ಬರುತ್ತದೆ, ಯಾರೂ ಸಾಯಬಾರದೆಂದು ಲೆಕ್ಕ ಹಾಕುತ್ತಾನೆ.

ತಂದೆ ಸುಲಭಕ್ಕೆ ಸೋಲುವವನಲ್ಲ. ಸೆರಿಜಾವಾ ಹೆದರಿದ್ದು ಜಗತ್ತಿಗಲ್ಲ, ತನಗೇ. ಯಾರಾದರೂ ಹಿಂಡಿದರೆ ತಾನೇ ಬಾಯಿಬಿಟ್ಟೇನೆಂದು. ಒಂಬತ್ತು ವರ್ಷದ ಹಿಂದೆ ಎರಡು ಊರುಗಳು ಸುಟ್ಟಿದ್ದವು, ಅದೇ ವರ್ಷ ಬೆಸ್ತನೊಬ್ಬ ಸತ್ತಿದ್ದ. ಆ ದಿನಗಳ ವಿಜ್ಞಾನಿಯೊಬ್ಬನಿಗೆ ತನ್ನ ಕೈಗಳ ಮೇಲೇ ನಂಬಿಕೆ ಹೋಗಿದ್ದರೆ ತಪ್ಪೇನು ಎನ್ನುತ್ತಾನೆ. ತಪ್ಪೆನ್ನಲಿಲ್ಲ, ಮೇಲೆ ಬರಬೇಕಿತ್ತು ಎಂದೆ, ಎನ್ನುತ್ತಾಳೆ ಮಗಳು. ತಂದೆ ಕ್ಷಣಕಾಲ ಅವಳ ಮುಖ ನೋಡಿ, ಇನ್ನೊಂದು ಲೋಟ ಚಹಾ ಕೇಳುತ್ತಾನೆ.

ಇಷ್ಟೆಲ್ಲ ಗದ್ದಲದ ನಡುವೆ ಅಡುಗೆಮನೆಯಲ್ಲಿದ್ದ ತಾಯಿ ಈ ಎರಡರಲ್ಲಿ ಯಾವುದನ್ನೂ ನೋಡಿದವಳಲ್ಲ. ಕಳೆದ ವಾರ ಆಕೆಯೇ ಬಂದು, ನೋಡುವುದಾದರೆ ಯಾವುದನ್ನು ಮೊದಲು ನೋಡಲಿ ಎಂದು ಕೇಳಿದ್ದಾಳೆ. 1954ರದ್ದು ಎಂದ ತಂದೆ. 2023ರದ್ದು ಎಂದಳು ಮಗಳು. ಇಬ್ಬರೂ ಒಟ್ಟಿಗೇ ಹೇಳಿದ್ದರಿಂದ ಆಕೆಗೆ ಯಾವುದೂ ಸರಿಯಾಗಿ ಕೇಳಿಸಲಿಲ್ಲ.